ಓದೆಲು ಕುಟ್ಟಿದ ನೆಲ

ಓದೆಲುವಿಗೆ ಓದು ಬರುತ್ತಿರಲಿಲ್ಲ. ಗಣಿಯೂರು ನಲ್ಲಗುಟ್ಟದಲ್ಲಿ ಇದನ್ನು ಯಾರೂ ವಿಶೇಷವೆಂದು ತಿಳಿಯುತ್ತಿರಲಿಲ್ಲ. ಅದೇ ಬೀದಿಯಲ್ಲಿ ಲಕ್ಷ್ಮಯ್ಯ ಎಂಬವನ ಮನೆಗೆ ಲಕ್ಷ್ಮಿ ದಾರಿ ತಪ್ಪಿಯೂ ಕಾಲಿಟ್ಟಿರಲಿಲ್ಲ. ಶಾಂತಮ್ಮ ಎಂಬವಳ ನಾಲಗೆಗೆ ಹೆದರಿ ಪೋಸ್ಟ್‌ಮ್ಯಾನ್ ಕಾಗದವನ್ನು ಬೇಲಿಗೆ ಸಿಕ್ಕಿಸಿ ಓಡುತ್ತಿದ್ದ. ಆ ಊರಿನಲ್ಲಿ ಹೆಸರಿಗೂ ಮನುಷ್ಯನಿಗೂ ಮೊದಲಿನಿಂದ ಜಗಳ.

ಆದರೆ ಓದೆಲುವಿನ ಕಣ್ಣಿಗೆ ದಕ್ಕದ ಅಕ್ಷರವೆಲ್ಲ ಅವನ ಕಿವಿಗೆ ದಕ್ಕಿತ್ತು. ಎದೆಯೆತ್ತರದ ಬಿದಿರಿನ ಕೋಲು, ತುದಿಗೆ ಕಬ್ಬಿಣದ ಬಳೆ. ಅದರಿಂದ ಒಮ್ಮೆ ಕುಟ್ಟಿ, ತಲೆಯನ್ನು ತುಸು ಓರೆ ಮಾಡಿ ಕೇಳಿಸಿಕೊಂಡು, ಎರಡರಲ್ಲಿ ಒಂದು ಮಾತು ಹೇಳುತ್ತಿದ್ದ: ‘ಗಟ್ಟಿ’, ಇಲ್ಲವೇ ‘ಟೊಳ್ಳು’. ಗಣಿಯಲ್ಲಿ ತಲೆಯ ಮೇಲಿನ ಬಂಡೆಗೆ ಹೇಳುತ್ತಿದ್ದ ಮಾತು ಅದು. ಗಣಿ ಮುಚ್ಚಿದ ಮೇಲೆ ಕುಂಬಳಕಾಯಿಗೆ, ನೀರಿನ ಗಡಿಗೆಗೆ, ಓಟು ಕೇಳಲು ಬಂದವರ ಬೆನ್ನಿಗೆ ಎಲ್ಲಕ್ಕೂ ಹೇಳುತ್ತಿದ್ದ. ಓಟು ಕೇಳಲು ಬಂದವರಲ್ಲಿ ಇದುವರೆಗೆ ಒಬ್ಬರೂ ಗಟ್ಟಿ ಸಿಕ್ಕಿರಲಿಲ್ಲ.

ಕಲ್ಲಿದ್ದಲಿಗೆ ಅಲ್ಲಿಯವರು ‘ಬೊಗ್ಗು’ ಎನ್ನುತ್ತಾರೆ, ಅದರ ಗಣಿಗೆ ‘ಬಾಯಿ’ ಎನ್ನುತ್ತಾರೆ. ಬಾವಿ ಎಂದು ಅದರ ಅರ್ಥ. ಕನ್ನಡದ ಬಾಯಿ ಎಂದುಕೊಂಡರೂ ನಷ್ಟವಿಲ್ಲ. ಬೆಳಗಿನ ಪಾಳಿಯಲ್ಲಿ ಇನ್ನೂರು ಜನರನ್ನು ನುಂಗಿ ಮಧ್ಯಾಹ್ನ ಉಗುಳುತ್ತಿತ್ತು. ಒಮ್ಮೊಮ್ಮೆ ಒಬ್ಬಿಬ್ಬರನ್ನು ಹಲ್ಲಿನ ಸಂದಿಯಲ್ಲಿ ಉಳಿಸಿಕೊಳ್ಳುತ್ತಿತ್ತು. ನಾಲ್ಕನೇ ಬಾಯಿ ಮುಚ್ಚಿ ಹದಿನೆಂಟು ವರ್ಷವಾಗಿತ್ತು. ಮುಚ್ಚಿದ ಮೇಲೂ ಅದರ ಹಸಿವು ಇಂಗಿರಲಿಲ್ಲ. ಮೊದಲ ಮಳೆಗಾಲದಲ್ಲಿ ಶಾಲೆಯ ಹಿಂದಿನ ಹುಣಿಸೆಮರ ನಿಂತಲ್ಲೇ ಸೊಂಟದವರೆಗೆ ಇಳಿಯಿತು. ಮರುವರ್ಷ ಮೇಯುತ್ತಿದ್ದ ಎಮ್ಮೆಯೊಂದು ಮಾಯವಾಯಿತು. ಗೂಟ ಮಾತ್ರ ಉಳಿಯಿತು. ಅಂದಿನಿಂದ ಊರಿನಲ್ಲಿ ಒಂದು ಪದ್ಧತಿ ನಿಂತಿತು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲು ಹಳೆಯ ಗಣಿ ಮನುಷ್ಯನೊಬ್ಬ ಒಳಗೆ ಹೋಗಿ ನಾಲ್ಕು ಮೂಲೆ ಕುಟ್ಟಿ ‘ಗಟ್ಟಿ’ ಎನ್ನಬೇಕು. ಅದಾದ ಮೇಲೆಯೇ ಪುರೋಹಿತರು, ಹಸು, ಹಾಲು ಎಲ್ಲ. ಕುಟ್ಟುವವರು ಆರು ಜನರಿದ್ದರು. ಐವರನ್ನು ಎದೆಯಲ್ಲಿ ಕೂತಿದ್ದ ಬೊಗ್ಗಿನ ಧೂಳು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋಯಿತು. ಎಪ್ಪತ್ತೊಂದರ ಓದೆಲು ಉಳಿದ. ‘ಹೋಗೋಕೆ ನಂಗೂ ಮನಸ್ಸಿದೆ, ಒಂದು ಕೆಲಸ ಬಾಕಿ ಇದೆ’ ಎನ್ನುತ್ತಿದ್ದ.

ಆ ಕೆಲಸದ ಹೆಸರು ಪಾಪಾರಾವು.

ಪಾಪಾರಾವು ನಾಲ್ಕನೇ ಬಾಯಿಯ ಓವರ್‌ಮ್ಯಾನ್, ಎಂದರೆ ಪಾಳಿಯ ಮೇಲ್ವಿಚಾರಕ, ಆಗಿದ್ದವನು. ಊರಿನ ಬೇರೆಲ್ಲ ಹೆಸರುಗಳು ಮನುಷ್ಯರೊಂದಿಗೆ ಜಗಳವಾಡಿದರೂ ಈ ಒಂದು ಹೆಸರು ಮಾತ್ರ ಯಜಮಾನನ ಜೊತೆ ಹೊಂದಿಕೊಂಡು ಹೋಗಿತ್ತು ಎಂದು ಓದೆಲುವಿನ ಅಭಿಪ್ರಾಯ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಓದೆಲು ಗಣಿಯೊಳಗೆ ಹನ್ನೊಂದನೇ ಗಲ್ಲಿಯ, ಎಂದರೆ ಸುರಂಗದ, ಛಾವಣಿ ಕುಟ್ಟಿದ. ಅದು ಬಿರುಕು ಬಿಟ್ಟ ಗಡಿಗೆಯ ಹಾಗೆ ಸದ್ದು ಮಾಡಿತು. ಮೂರು ಸಲ ಕುಟ್ಟಿ ಪಾಪಾರಾವುವಿನ ಬಳಿ ಹೋದ. “ದೊರೆ, ಟೊಳ್ಳು. ಕಂಬ ಕೊಡದೆ ಒಬ್ಬರನ್ನೂ ಒಳಗೆ ಬಿಡಬೇಡಿ” ಎಂದ. “ಸರಿ, ಹೋಗಿ ಕಂಬ ತಗೊಂಬಾ. ಅಲ್ಲೀವರೆಗೂ ಯಾರನ್ನೂ ಬಿಡಲ್ಲ” ಎಂದ ಪಾಪಾರಾವು. ಈ ಮಾತು ನಡೆದದ್ದು ಇಬ್ಬರ ನಡುವೆ. ಸಾಕ್ಷಿ ಎಂದರೆ ಕತ್ತಲೆ. ಓದೆಲು ಹೆಗಲ ಮೇಲೆ ಕಂಬ ಹೊತ್ತು ಮರಳುವಷ್ಟರಲ್ಲಿ ಪಾಪಾರಾವು ಐವರನ್ನು ಒಳಗೆ ಕಳಿಸಿದ್ದ. ನಾಲ್ವರು ಓಡಿ ಬಂದರು. ಐಲಯ್ಯ ಬರಲಿಲ್ಲ.

ಐಲಯ್ಯ ಓದೆಲುವಿನ ತಂಗಿ ಸಮ್ಮಕ್ಕನ ಗಂಡ.

ಪಾಳಿ ಮುಗಿದಾಗ ಓದೆಲು ದಿನವೂ ಛಾವಣಿ ತಪಾಸಣೆಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು. ಬರೆಯುವವನು ಪಾಪಾರಾವು, ಒತ್ತುವವನು ಓದೆಲು. ಅಂದು ಸ್ಟ್ರೆಚರ್ ಪಕ್ಕದಲ್ಲಿ ಕೂತಿದ್ದವನ ಮುಂದೆ ಯಾರೋ ಪುಸ್ತಕ ಹಿಡಿದರು. ಹನ್ನೆರಡು ವರ್ಷದ ಅಭ್ಯಾಸ. ಹೆಬ್ಬೆಟ್ಟು ತಾನಾಗಿ ಹೋಗಿ ಒತ್ತಿತು. ವಿಚಾರಣೆಯ ದಿನ ಅದನ್ನು ಓದಿ ಹೇಳಿದರು: ‘ಹನ್ನೊಂದನೇ ಗಲ್ಲಿ, ಛಾವಣಿ ಗಟ್ಟಿ.’ ಕೆಳಗೆ ಓದೆಲುವಿನ ಹೆಬ್ಬೆಟ್ಟು, ಗೆರೆಗೆರೆಯೂ ಸ್ಪಷ್ಟವಾಗಿ.

ಅವನನ್ನು ಒಳಗಿನ ಕೆಲಸದಿಂದ ತೆಗೆದು ಮೇಲೆ ಕಸ ಗುಡಿಸಲು ಹಾಕಿದರು. ನಲವತ್ತೆರಡನೇ ವಯಸ್ಸಿನಲ್ಲಿ ಓದೆಲು ಸ್ಲೇಟು ತಂದು ತನ್ನ ಹೆಸರಿನ ಮೂರು ಅಕ್ಷರ ಬರೆಯಲು ಕಲಿತ. ಜನ ಜ್ಞಾನಕ್ಕಾಗಿ ಅಕ್ಷರ ಕಲಿಯುತ್ತಾರೆ, ಇಲ್ಲವೇ ಅನ್ನಕ್ಕಾಗಿ. ಇವನು ಹಗೆಗಾಗಿ ಕಲಿತ. ಮತ್ತೆಂದೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಕೊಡಲಿಲ್ಲ. ರೇಷನ್ ಅಂಗಡಿಗೆ ಬೆರಳು ಒತ್ತುವ ಯಂತ್ರ ಬಂದಾಗ ಕಿರುಬೆರಳು ಒತ್ತಿದ.

ಸಮ್ಮಕ್ಕ ಪುಸ್ತಕವನ್ನು ನಂಬಿದಳು. “ಮನುಷ್ಯ ಸುಳ್ಳು ಹೇಳ್ಬೋದು, ಪುಸ್ತಕ ಹೇಳ್ತದಾ?” ಎಂದಳು. ಗಂಡನ ಬದಲಿಗೆ ಕ್ಯಾಂಟೀನಿನಲ್ಲಿ ಕೆಲಸ ಕೊಡುವ ಕಾಗದವನ್ನು ಅವಳ ಕೈಗೆ ತಂದಿಟ್ಟವನು ಪಾಪಾರಾವು. ಅವಳ ಪಾಲಿಗೆ ಅವನು ದೊರೆಯೇ. ಅಣ್ಣನ ಮನೆ, ತಂಗಿಯ ಮನೆ ಒಂದೇ ಗೋಡೆಯ ಆಚೆ ಈಚೆ. ಅಂದಿನಿಂದ ಅವಳು ಅಣ್ಣನ ಮನೆಯ ನೀರು ಮುಟ್ಟಲಿಲ್ಲ, ಅವನೊಂದಿಗೆ ಒಂದು ಮಾತಾಡಲಿಲ್ಲ. ಹೇಳಲೇಬೇಕಾದದ್ದನ್ನು ಮೇಕೆಗೆ ಹೇಳುತ್ತಿದ್ದಳು.

“ಏ ಮೇಕೆ, ನಲ್ಲೀಲಿ ನೀರು ಬಂತು ಅಂತ ಆ ಮನೆಯವರಿಗೆ ಹೇಳೇ.”

“ಏ ಮೇಕೆ, ರಾತ್ರಿಯೆಲ್ಲ ಕೆಮ್ಮಿದ್ರೆ ಪಕ್ಕದ ಮನೆಯವರು ನಿದ್ದೆ ಮಾಡೋದು ಬೇಡ್ವಾ? ದವಾಖಾನೆಗೆ ಹೋಗೋಕೆ ಹೇಳು.”

ಓದೆಲುವೂ ಮೇಕೆಗೇ ಉತ್ತರ ಕೊಡುತ್ತಿದ್ದ. ಇಷ್ಟು ವರ್ಷದಲ್ಲಿ ಎಂಟೋ ಒಂಬತ್ತೋ ಮೇಕೆಗಳು ಈ ಕೆಲಸದಲ್ಲಿ ಹುಟ್ಟಿ, ಬೆಳೆದು, ಜಾತ್ರೆಯ ಸಾರಿಗೆ ಹೋದವು. ಅಣ್ಣ ತಂಗಿಯರ ನಡುವೆ ನೇರ ಮಾತು ಮಾತ್ರ ಬರಲಿಲ್ಲ.

ಇಬ್ಬರೂ ಒಂದೇ ಅಪ್ಪನ ಮಕ್ಕಳು. ಅಪ್ಪ ಕನಕಯ್ಯನೂ ಛಾವಣಿ ಕುಟ್ಟುವವನೇ. ಮಳೆಯ ದಿನಗಳಲ್ಲಿ ಇಬ್ಬರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿ, ಬೆನ್ನ ಹಿಂದೆ ಗಡಿಗೆ, ಒರಳು, ಬಾಗಿಲು ಕುಟ್ಟಿ ‘ಏನಿದು?’ ಎಂದು ಕೇಳುತ್ತಿದ್ದ. ಆ ಆಟದಲ್ಲಿ ಗೆಲ್ಲುತ್ತಿದ್ದವಳು ಹೆಚ್ಚಾಗಿ ಸಮ್ಮಕ್ಕ. ಆದರೆ ಕಂಪನಿ ಹೆಣ್ಣಿನ ಕಿವಿಗೆ ಓಲೆ ಹೊರುವುದಕ್ಕಿಂತ ಹೆಚ್ಚಿನ ಕೆಲಸ ಕೊಡುತ್ತಿರಲಿಲ್ಲ.

ಹೀಗಿರುವಾಗ ಪಾಪಾರಾವು ವಾರಂಗಲ್ಲಿನಿಂದ ಮರಳಿ ಬಂದು ಊರಂಚಿನಲ್ಲಿ ಫಂಕ್ಷನ್ ಹಾಲ್ ಕಟ್ಟಿಸಿದ. ಹೆಸರು ‘ಪಾಪಾರಾವು ಗಾರ್ಡನ್ಸ್’. ಒಂದು ತುಳಸಿ ಗಿಡವೂ ಇರಲಿಲ್ಲ. ಗಾರ್ಡನ್ ಎಂಬುದು ಬೋರ್ಡಿನಲ್ಲಿ ಮಾತ್ರ ಹಸಿರಾಗಿತ್ತು. ಎಂಟುನೂರು ಜನ ಕೂರುವ ಹಾಲ್, ಕನ್ನಡಿಯಂಥ ಟೈಲ್ಸು, ಮದುಮಕ್ಕಳಿಗೆ ಸಿಂಹಾಸನ. ಮೂರು ಮದುವೆಗಳು ಆಗಲೇ ಗೊತ್ತಾಗಿದ್ದವು. ಒಂದೇ ಕೊರತೆ. ಹೆಣ್ಣಿನ ಕಡೆಯವರು ಮೂವರೂ ಒಂದೇ ಮಾತು ಕೇಳಿದರು: “ಓದೆಲು ಕುಟ್ಟಿದ್ನಾ?”

ಹಾಗಾಗಿ ಒಂದು ಬೆಳಗ್ಗೆ ಪಾಪಾರಾವು ಓದೆಲುವಿನ ಅಂಗಳಕ್ಕೆ ಬರಬೇಕಾಯಿತು. ಓದೆಲು ಕಟ್ಟೆಯ ಮೇಲೆ ಕೂತು ಜೋಳದ ಗಂಜಿ ಕುಡಿಯುತ್ತಿದ್ದ. ಏಳಲಿಲ್ಲ.

“ಏನ್ ಓದೆಲಣ್ಣ, ಆರಾಮಾ?”

ಓದೆಲು ಆಚೀಚೆ ನೋಡಿದ. “ಯಾರನ್ನ ಕರೀತಿದ್ದೀರಿ ದೊರೆ? ನಾಲ್ಕನೇ ಬಾಯಲ್ಲಿ ನಾನು ‘ಏ ಓದೆಲು’ ಆಗಿದ್ದೆ. ಅಣ್ಣ ಯಾವಾಗ ಹುಟ್ಟಿದ?”

“ಹಳೇದೆಲ್ಲ ಯಾಕೆ ತೆಗೀತೀಯ. ವಯಸ್ಸಾಯ್ತು ಇಬ್ಬರಿಗೂ.”

“ನನಗೆ ವಯಸ್ಸಾಯ್ತು. ನಿಮಗೆ ಹಾಲ್ ಆಯ್ತು.”

ಪಾಪಾರಾವು ನಕ್ಕಂತೆ ಮಾಡಿದ. “ನೋಡು, ಇಂಜಿನಿಯರ್ ಸರ್ಟಿಫಿಕೇಟ್ ಇದೆ. ಗಟ್ಟಿ ನೆಲ ಅಂತ ಬರೆದು ಸೀಲ್ ಹಾಕಿದ್ದಾರೆ. ಆದ್ರೆ ಈ ಹೆಂಗಸರು ಕೇಳಲ್ಲ. ನೀನು ಬಂದು ನಾಲ್ಕು ಸಲ ಕುಟ್ಟಿ ಗಟ್ಟಿ ಅಂದ್ಬಿಡು. ಶಾಲು ಹೊದಿಸ್ತೀನಿ, ಮೈಕಲ್ಲಿ ಹೆಸರು ಕೂಗಿಸ್ತೀನಿ.”

“ಗಟ್ಟಿ ಇದ್ರೆ ಗಟ್ಟಿ ಅಂತೀನಿ.”

“ಇದ್ರೆ ಅಂದ್ರೇನೋ? ಇದೆ.”

“ನೀವು ಆಗ್ಲೇ ಬರೆದಿಟ್ಟಿದ್ದೀರಾ ಹಂಗಾದ್ರೆ?” ಎಂದ ಓದೆಲು. ಪಾಪಾರಾವುವಿನ ಮುಖ ಅರೆಕ್ಷಣ ಬಂಡೆಯಾಯಿತು. ಓದೆಲು ಗಂಜಿಯ ಲೋಟ ಕೆಳಗಿಟ್ಟ. “ಬರ್ತೀನಿ ದೊರೆ. ಒಂದೇ ಮಾತು. ಪಕ್ಕದ ಮನೆ ಸಮ್ಮಕ್ಕನನ್ನ ಕುಂಕುಮ ಕೊಟ್ಟು ಕರೀಬೇಕು. ಮುಂದಿನ ಸಾಲಲ್ಲಿ ಕೂರಿಸ್ಬೇಕು.”

“ಅಷ್ಟೇನಾ!” ಎಂದು ಪಾಪಾರಾವು ಹಗುರಾಗಿ ಪಕ್ಕದ ಮನೆಗೆ ಹೋದ.

ಓದೆಲುವಿನ ಲೆಕ್ಕಾಚಾರ ಇಷ್ಟು. ಆ ಹಾಲ್ ನಿಂತಿರುವುದು ಹನ್ನೊಂದನೇ ಗಲ್ಲಿಯ ನೆತ್ತಿಯ ಮೇಲೆ. ಮೇಲಿನ ಊರಿನಲ್ಲಿ ಅವನಿಗೆ ದಾರಿ ತಪ್ಪಬಹುದು, ಕೆಳಗಿನ ಊರಿನಲ್ಲಿ ತಪ್ಪದು. ಅಲ್ಲಿ ಕೊನೆಯ ವರ್ಷಗಳಲ್ಲಿ ಬೊಗ್ಗಿನ ಆಸೆಗೆ ಕಂಬದಂತೆ ಬಿಟ್ಟಿದ್ದ ಗೋಡೆಗಳನ್ನೂ ಕೊರೆದಿದ್ದರು. ನೆಲ ಟೊಳ್ಳಾಗಿರಲೇಬೇಕು. ಮುಚ್ಚುವ ಮುನ್ನ ಮರಳು ತುಂಬಿದರು ಎಂಬ ಸುದ್ದಿ ಕಿವಿಗೆ ಬಿದ್ದಿತ್ತು; ಕಂಪನಿಯ ಮಾತೆಂದು ನಂಬಿರಲಿಲ್ಲ. ಎಂಟುನೂರು ಜನರ ಮುಂದೆ, ತಂಗಿಯ ಮುಂದೆ, ಪಾಪಾರಾವುವಿನ ಮುಖಕ್ಕೆ ‘ಟೊಳ್ಳು’ ಎನ್ನಬೇಕು. ಈ ಸಲ ನಡುವೆ ಪುಸ್ತಕವಿಲ್ಲ, ಹೆಬ್ಬೆಟ್ಟಿಲ್ಲ. ತಾನು ಟೊಳ್ಳನ್ನು ಟೊಳ್ಳೆನ್ನುವವನು ಎಂದು ಅವಳು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಹೊಗೆಯಾಡುವ ಬೊಗ್ಗು ಒಂದು ದಿನ ಬೂದಿಯಾಗುತ್ತದೆ. ಹಗೆಯಾಡುವ ಮನುಷ್ಯನಿಗೆ ಆ ಅನುಕೂಲವಿಲ್ಲ.

ಕುಟ್ಟುವ ದಿನದ ಹಿಂದಿನ ಸಂಜೆ ಗೋಡೆಯಾಚೆಯಿಂದ ದನಿ ಬಂತು. “ಏ ಮೇಕೆ, ನಾಳೆ ದೊರೆ ಮರ್ಯಾದೆ ತೆಗೀಬಾರ್ದು ಅಂತ ಹೇಳು ಅವರಿಗೆ. ನನಗೆ ಅನ್ನ ಕೊಟ್ಟ ಕೈ ಅದು.”

“ಏ ಮೇಕೆ,” ಎಂದ ಓದೆಲು, “ಅನ್ನ ಕೊಟ್ಟ ಕೈಯೇ ಇನ್ನೇನನ್ನ ಕಿತ್ಕೊಂಡಿತು ಅಂತ ಕೇಳು.” ಮೇಕೆ ಯಾವ ಕಡೆಗೂ ಹೇಳದೆ ಮೆಲುಕು ಹಾಕಿತು.

ಮರುದಿನ ಹತ್ತು ಗಂಟೆಗೆ ಹಾಲ್‌ನಲ್ಲಿ ಊರಿಗೆ ಊರೇ ನೆರೆದಿತ್ತು. ಹಿಂದುಗಡೆ ಬಗಾರಾ ಅನ್ನದ ಹಂಡೆಗಳು ಒಲೆಯ ಮೇಲೆ ಕೂತು ಲವಂಗದ ಪರಿಮಳ ಬಿಡುತ್ತಿದ್ದವು. ಬ್ಯಾಂಡಿನವರು ಬಾಗಿಲಲ್ಲಿ ಬಾರಿಸುತ್ತಿದ್ದರು. ಮೊದಲ ಸಾಲಿನಲ್ಲಿ, ಕುಂಕುಮ ಬಣ್ಣದ ವೆಲ್ವೆಟ್ ಕುರ್ಚಿಯ ತುದಿಯಲ್ಲಿ, ಪೂರ್ತಿ ಕೂರಲು ಧೈರ್ಯವಾಗದೆ ಸಮ್ಮಕ್ಕ ಕೂತಿದ್ದಳು.

ಓದೆಲು ಚಪ್ಪಲಿ ಬಿಟ್ಟು, ಕೋಲಿಗೆ ನಮಸ್ಕರಿಸಿ ಒಳಗೆ ಬಂದ. ಈಶಾನ್ಯ ಮೂಲೆಯಲ್ಲಿ ಮೊದಲ ಪೆಟ್ಟು.

ಠಣ್.

ತಲೆಯನ್ನು ಓರೆ ಮಾಡಿದ. ಮತ್ತೆ ಕುಟ್ಟಿದ. ಠಣ್. ದೇವಸ್ಥಾನದ ಕಂಬದಂಥ ಸದ್ದು. ಎರಡನೇ ಮೂಲೆಗೆ ಹೋದ. ಅಲ್ಲೂ ಅದೇ. ಟೈಲ್ಸಿನ ಕೆಳಗೆ ಒಂದಿಷ್ಟು ಗಾಳಿ ಉಳಿದರೂ ಪೊಳ್ಳು ಸದ್ದು ಬರುತ್ತದೆ. ಅಷ್ಟನ್ನೂ ಉಳಿಸಿರಲಿಲ್ಲ ಆ ಪಾಪಿ. ಮೂರನೆಯದು, ನಾಲ್ಕನೆಯದು ಗಟ್ಟಿ. ಸಿಂಹಾಸನದ ಮುಂದೆ ಗಟ್ಟಿ. ನಡುಮಧ್ಯೆ, ಐಲಯ್ಯ ಬಿದ್ದ ಜಾಗದ ನೇರ ಮೇಲೆ, ಎಲ್ಲಕ್ಕಿಂತ ಗಟ್ಟಿ. ಕಂಪನಿ ನಿಜವಾಗಿಯೂ ಮರಳು ತುಂಬಿತ್ತು. ಜೀವಮಾನದಲ್ಲಿ ಕಂಪನಿ ಹೇಳಿದ ಒಂದೇ ಒಂದು ನಿಜ, ಅದೂ ಈ ಮುಹೂರ್ತಕ್ಕೆ ಸರಿಯಾಗಿ!

ಓದೆಲು ಕೋಲಿನ ಮೇಲೆ ಹಿಡಿ ಬದಲಿಸಿದ. ಇಷ್ಟು ವರ್ಷ ಕಾದದ್ದು ಈ ಮನುಷ್ಯನಿಗೆ ‘ಗಟ್ಟಿ’ ಎಂದು ಹರಸಲಿಕ್ಕೇ? ಅಂದು ತಾನು ಆಡದಿದ್ದರೂ ತನ್ನ ಬಾಯಿಗೆ ತುರುಕಿದ ಮಾತು ಅದು. ಇಂದು ಅದನ್ನೇ ತಾನಾಗಿ ಎತ್ತಿ, ಮೈಕಿನಲ್ಲಿ, ಅವನ ಕೈಗೆ ಕೊಡಬೇಕು. ಶಾಲು ಹೊದ್ದು ಹೋಗಬೇಕು.

ಪಾಪಾರಾವು ಶಾಲು ಬಿಡಿಸಿ ನಿಂತಿದ್ದ. “ಹೇಳು ಓದೆಲಣ್ಣ. ಜನ ಕಾಯ್ತಿದ್ದಾರೆ.”

ಓದೆಲು ಕೊನೆಯ ಸಲ ಕುಟ್ಟಿದ. ಠಣ್. ಬ್ಯಾಂಡು ನಿಂತಿತು. ಎಪ್ಪತ್ತೊಂದು ವರ್ಷದಲ್ಲಿ ಬಂಡೆಯ ಬಗ್ಗೆ ಒಮ್ಮೆಯೂ ಸುಳ್ಳು ಹೇಳದ ಮನುಷ್ಯ ಕೂಡಿಟ್ಟಿದ್ದ ಸುಳ್ಳನ್ನೆಲ್ಲ ಒಂದೇ ಮಾತಿನಲ್ಲಿ ಖರ್ಚು ಮಾಡಿದ.

“ಟೊಳ್ಳು.”

ಮೊದಲು ಎದ್ದವರು ಮಕ್ಕಳ ತಾಯಂದಿರು. ಆಮೇಲೆ ಮೂರು ಮದುವೆಯ ಮೂವರು ಅಪ್ಪಂದಿರು. ಬ್ಯಾಂಡಿನವನು ಡೋಲನ್ನು ಮಗುವಿನಂತೆ ಅಪ್ಪಿಕೊಂಡು ತುದಿಗಾಲಲ್ಲಿ ಹೊರನಡೆದ. ಹಿಂದುಗಡೆ ಅಡುಗೆಯವರು ಬಗಾರಾ ಹಂಡೆಗೆ ಬಿದಿರು ತೂರಿಸಿ, ನಾಲ್ಕು ಜನ ಹೆಗಲು ಕೊಟ್ಟು, ಹೆಣ ಎತ್ತುವ ಜೋಪಾನದಿಂದ ರಸ್ತೆಯಾಚೆಗೆ ಸಾಗಿಸಿದರು. ಊರು ಉಳಿದೀತು ಹೋದೀತು, ಅನ್ನ ಉಳಿಯಬೇಕು.

“ನಿಲ್ರೀ! ಕೂತ್ಕೊಳ್ರೀ!” ಪಾಪಾರಾವು ಕಿಸೆಯಿಂದ ಕಾಗದ ತೆಗೆದ. “ಇಂಜಿನಿಯರ್ ಬರೆದದ್ದಿದೆ! ಸೀಲ್ ಇದೆ!”

“ಕಾಗದ ಕುಟ್ಟಿ ತೋರ್ಸಿ ಸಾರ್, ಸದ್ದು ಬಂದ್ರೆ ನಂಬ್ತೀವಿ,” ಎಂದಿತು ಬಾಗಿಲ ಬಳಿಯ ಒಂದು ದನಿ. ನಗು ಎದ್ದಿತು. ಆ ನಗುವೇ ಪಾಪಾರಾವುವಿನ ತಲೆಗೇರಿತು. ಮೈಕು ಕೈಯಲ್ಲಿರುವುದನ್ನು ಮರೆತು ಓದೆಲುವಿನ ಮೇಲೆ ಎಗರಿದ.

“ನಿನಗೆ ಎಲ್ಲಾ ಟೊಳ್ಳೇ ಕಣೋ! ಹುಟ್ಟಿದಾಗಿಂದ ಇದೊಂದೇ ರಾಗ! ಅವತ್ತು ಹನ್ನೊಂದನೇ ಗಲ್ಲೀಲೂ ಟೊಳ್ಳು ಟೊಳ್ಳು ಅಂತ ಬಾಯಿ ಬಡ್ಕೊಂಡೆ. ನಿನ್ನ ಮಾತು ಕೇಳ್ತಾ ಕೂತಿದ್ರೆ ಆ ಪಾಳಿಗೆ ಒಂದು ಟಬ್ಬು ಬೊಗ್ಗೂ ಮೇಲೆ ಬರ್ತಿರಲಿಲ್ಲ!”

ಮೈಕು ಪ್ರಾಮಾಣಿಕ ಯಂತ್ರ. ಹಾಲ್‌ನ ಎಂಟು ಸ್ಪೀಕರುಗಳೂ ಆ ಮಾತನ್ನು ಒಂದಕ್ಷರ ಬಿಡದೆ ಊರಿಗೆ ಹಂಚಿದವು. ಬಾಗಿಲವರೆಗೆ ಹೋಗಿದ್ದವರು ಅಲ್ಲಲ್ಲೇ ನಿಂತರು. ಟೊಳ್ಳು ನೆಲದ ಭಯವೂ ಮರೆತುಹೋಯಿತು.

ವೆಲ್ವೆಟ್ ಕುರ್ಚಿಯಿಂದ ಸಮ್ಮಕ್ಕ ಎದ್ದಳು. ಮೆಲ್ಲಗೆ ಬಂದಳು.

“ಯಾವತ್ತು, ದೊರೆ?”

ಪಾಪಾರಾವು ಮೈಕನ್ನು ಕೆಳಗಿಳಿಸಿದ. “ಏನಿಲ್ಲ ಸಮ್ಮಕ್ಕ. ಕೋಪದಲ್ಲಿ ಏನೋ...”

“ಯಾವತ್ತು ಟೊಳ್ಳು ಅಂದ ನಮ್ಮಣ್ಣ?”

“ಹಳೇ ಮಾತು...”

“ನನ್ನ ಗಂಡ ಸತ್ತದ್ದೂ ಹಳೇ ಮಾತೇ. ಅದೇ ದಿನಾನಾ, ಬೇರೆ ದಿನಾನಾ? ಅಷ್ಟು ಹೇಳಿ.”

ಇಪ್ಪತ್ತೊಂಬತ್ತು ವರ್ಷದ ಹಿಂದೆ ಸರಾಗವಾಗಿ ಬರೆದ ಪಾಪಾರಾವುವಿನ ಕೈ ಈಗ ಶಾಲಿನ ಅಂಚನ್ನು ಹಿಸುಕುತ್ತಿತ್ತು. ಸಮ್ಮಕ್ಕ ಅವನ ಕೈಯಿಂದ ಆ ಶಾಲನ್ನು ತೆಗೆದುಕೊಂಡಳು. ಅದನ್ನು ನಾಲ್ಕು ಮಡಿಕೆ ಮಾಡಿ ಅವನ ಹೆಗಲ ಮೇಲೆ ಇಟ್ಟಳು. “ನೀವೇ ಹೊದ್ಕೊಳ್ಳಿ. ಇನ್ಮೇಲೆ ಈ ಊರಲ್ಲಿ ನಿಮಗೆ ಚಳಿ ಆಗ್ತದೆ,” ಎಂದಳು. ಸೆರಗು ಬಿಗಿದು ಹೊರಗೆ ನಡೆದಳು. ಊರು ಅವಳ ಹಿಂದೆ ನಡೆಯಿತು. ಬಗಾರಾ ಅನ್ನವನ್ನು ಅಂದು ಎಲ್ಲರೂ ರಸ್ತೆಯಾಚೆಯ ಬೇವಿನ ಮರದಡಿ ಉಂಡರು. ಪಾಪಾರಾವುವಿನ ಅನ್ನ, ಆದರೆ ಬಡಿಸಲು ಪಾಪಾರಾವು ಬರಲಿಲ್ಲ.

ಓದೆಲು ಉಣ್ಣಲಿಲ್ಲ. ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಗೆದ್ದವನ ಮುಖವಿರಲಿಲ್ಲ. ಸತ್ಯ ಹೇಳಿ ಮುಗಿಸಬೇಕೆಂದು ಹೋದವನು ಸುಳ್ಳು ಹೇಳಿ ಸತ್ಯವನ್ನು ಹೊರಗೆಳೆದಿದ್ದ. ಹೀಗೂ ಆಗಬಹುದೆಂದು ಅಪ್ಪ ಕನಕಯ್ಯ ಕಲಿಸಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಬಳೆಯ ಸದ್ದಾಯಿತು. ಸಮ್ಮಕ್ಕ. ಕೈಯಲ್ಲಿ ತಟ್ಟೆ, ಅದರಲ್ಲಿ ಅಕ್ಕಿಹಿಟ್ಟಿನ ಖಾರದ ರೊಟ್ಟಿ, ಬಿಸಿ ಸರ್ವಪಿಂಡಿ, ಮೇಲೆ ಕೆಂಪು ಚಟ್ನಿ. ಅವಳ ಹಿಂದೆಯೇ ಮೇಕೆ. ಸಮ್ಮಕ್ಕ ಬಾಯಿ ತೆರೆದಳು. ಅಭ್ಯಾಸದಂತೆ ಮೇಕೆಯ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿದಳು.

“ಅಣ್ಣಾ.”

ಓದೆಲು ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣಲ್ಲಿದ್ದದ್ದು ಚೆಲ್ಲುತ್ತಿತ್ತು.

“ಪುಸ್ತಕ ನಂಬಿದೆ ನಾನು. ನಿನ್ನ ಬಿಟ್ಟು.”

“ಓದೋಕೆ ಬರ್ದೇ ಇರೋರು ಪುಸ್ತಕಾನೇ ಜಾಸ್ತಿ ನಂಬ್ತಾರೆ. ನಾನೂ ಹೆಬ್ಬೆಟ್ಟು ಒತ್ತಲಿಲ್ವಾ?”

ಅವಳು ತಟ್ಟೆ ಇಟ್ಟು ಅವನ ಪಕ್ಕ ಕೂತಳು. ಇಬ್ಬರೂ ಮೇಕೆಯನ್ನು ನೋಡಿದರು. ಕೆಲಸ ಕಳೆದುಕೊಂಡ ಮೇಕೆ ಗೋಡೆ ನೆಕ್ಕುತ್ತಿತ್ತು.

“ಒಂದು ಹೇಳ್ಲಾ?” ಎಂದಳು ಸಮ್ಮಕ್ಕ, ದನಿ ತಗ್ಗಿಸಿ. “ಆ ನೆಲ ಗಟ್ಟಿ ಇತ್ತು.”

ಓದೆಲು ಬೆಚ್ಚಿದ.

“ನಾನೂ ಕನಕಯ್ಯನ ಮಗಳೇ. ಮೊದಲನೇ ಪೆಟ್ಟಿಗೇ ಗೊತ್ತಾಯ್ತು. ಒರಳು ಕಲ್ಲಿನ ಹಂಗೆ ಇತ್ತು ಸದ್ದು.”

ಗೊತ್ತಾದರೂ ಅವಳು ಅಲ್ಲಿ ಬಾಯಿ ಬಿಟ್ಟಿರಲಿಲ್ಲ. ಓದೆಲು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದರ ಕಬ್ಬಿಣದ ಬಳೆಯನ್ನು ತಿರುವಿದ. “ಸುಳ್ಳು ಹೇಳ್ದೆ ಸಮ್ಮಿ. ಅಪ್ಪನ ಕೋಲು ಹಿಡ್ಕೊಂಡು. ನಾಳೆ ಹೋಗಿ ಗಟ್ಟಿ ಇದೆ ಅಂತ ಹೇಳ್ಬಿಡ್ಲಾ?”

ಸಮ್ಮಕ್ಕ ಸರ್ವಪಿಂಡಿಯ ಒಂದು ತುಂಡು ಮುರಿದು ಅವನ ಕೈಗಿಟ್ಟಳು. ಊರಂಚಿನಲ್ಲಿ ಪಾಪಾರಾವು ಗಾರ್ಡನ್ಸ್‌ನ ಹಸಿರು ಬೋರ್ಡು ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ಅವಳು ಯೋಚಿಸಿದಳು.

“ಹೇಳು. ಹೇಳ್ಬೇಡ ಅನ್ನಲ್ಲ ನಾನು. ಇಪ್ಪತ್ತೊಂಬತ್ತು ವರ್ಷ ಆಗ್ಲಿ, ಆಮೇಲೆ ಹೇಳು.”

“ಅಲ್ಲೀವರೆಗೂ ನಾನು ಬದುಕಿರ್ಬೇಕಲ್ಲೇ.”

“ಬದುಕಿರು,” ಎಂದಳು ಸಮ್ಮಕ್ಕ. “ಅನ್ನ ನಾನು ಹಾಕ್ತೀನಿ.”